ಹಟ್ಟಿ–ಮಸ್ಕಿಗಳ ಸುವರ್ಣಭೂಮಿ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬಿನ ಹೆಸರು ಚರಿತ್ರೆಯಲ್ಲಿ ಯುದ್ಧಗಳಿಂದಲೇ ಹೆಚ್ಚಾಗಿ ಪ್ರಸಿದ್ಧವಾಗಿದೆ. ಚಾಳುಕ್ಯರೂ ಚೋಳರೂ ಇಲ್ಲಿ ಕಾದಿದರು. ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಳ ಕಾಲ ಈ ನೆಲಕ್ಕಾಗಿ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ವಿಜಾಪುರದವರಿಂದ ಗೆದ್ದುಕೊಂಡನು. ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು ಸೀಮೆಗಳ ಈ ರಣಚರಿತ್ರೆಯನ್ನು ಬರೆದವರು ಅನೇಕರುಂಟು. ಆದರೆ ಅದೇ ನೆಲದ ಒಡಲನ್ನು ಬಗೆದು ಹೊನ್ನನ್ನು ತೆಗೆದವರ ಚರಿತ್ರೆಯು ಇದಕ್ಕಿಂತಲೂ ಬಹು ಪ್ರಾಚೀನವಾದುದು. ಅದಕ್ಕೆ ಸಲ್ಲಬೇಕಾದಷ್ಟು ಗಮನವು ಸಂದಿಲ್ಲ.

ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಕಪ್ಪುಶಿಲೆಯ ಪಟ್ಟಿಯೊಂದರಲ್ಲಿ ಬೆಣಚುಕಲ್ಲಿನ ಎಳೆಗಳು ಹಾಯ್ದಿರುವುವು. ಚಿನ್ನವು ಈ ಎಳೆಗಳಲ್ಲಿ ಅಡಗಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮಹಾಶಯರು ಈ ಪ್ರಾಂತದ ಶಿಲೆಗಳನ್ನು ಪರಿಶೀಲಿಸಿದರು. 1873ರಲ್ಲಿ ಕೋಲಾರದ ನೆಲವನ್ನು ಅಗೆಯಲು ಮೈಕೇಲ್ ಲವೆಲ್ ಎಂಬವನು ಅಪ್ಪಣೆ ಕೋರಿದ ಮೇಲೆ ದಕ್ಷಿಣ ಹಿಂದೂಸ್ಥಾನದಲ್ಲೆಲ್ಲ ಚಿನ್ನದ ಹುಚ್ಚು ಹಬ್ಬಿತು. ಆ ಅಲೆಯು ನಿಜಾಮರ ಸೀಮೆಯನ್ನೂ ಮುಟ್ಟಿತು. ವಂದಲಿ, ತೋಪಲದೊಡ್ಡಿ, ಹಟ್ಟಿಗಳಲ್ಲಿ ಗಣಿಗಳು ತೆರೆದುವು. ಆದರೆ 1920ರ ವೇಳೆಗೆ ಹಟ್ಟಿಯ ಕೆಲಸವೂ ನಿಂತುಹೋಯಿತು.

ಹೀಗೆ ಹೊಸ ಚಿನ್ನವನ್ನರಸಿ ಬಂದವರಿಗೆ ಹೆಜ್ಜೆಹೆಜ್ಜೆಗೂ ಕಂಡುಬಂದುವು ಹಳೆಯ ತೋಡುಗಳೇ. ಹಟ್ಟಿಯಲ್ಲಿ ಪ್ರಾಚೀನರು ಸುಮಾರು 640 ಅಡಿಗಳ ಆಳದವರೆಗೆ ಇಳಿದಿದ್ದರು. ಉಗಿಯಂತ್ರವೂ ಸಿಡಿಮದ್ದೂ ಇಲ್ಲದ ಕಾಲದಲ್ಲಿ ಇದನ್ನು ಸಾಧಿಸಿದ ಬಗೆಯನ್ನು ತೋಡುಗಳೇ ಹೇಳುತ್ತವೆ. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಬಿರುಕುಬಿಟ್ಟ ಕಲ್ಲನ್ನು ಉಳಿಗಳಿಂದ ಎಬ್ಬಿಸುತ್ತಿದ್ದರು. ಬೂದಿಯೂ ಇದ್ದಲೂ ಇದಕ್ಕೆ ಸಾಕ್ಷಿ. ಮೇಲಕ್ಕೆ ತಂದ ಕಲ್ಲನ್ನು ಕುಟ್ಟಿ ಅರೆದುದರ ಕುರುಹಾಗಿ ಸುತ್ತಲಿನ ಬಂಡೆಗಳಲ್ಲಿ ಬಟ್ಟಲಿನಂಥ ಕುಳಿಗಳು ಉಳಿದಿವೆ. ಅರೆದ ಪುಡಿಯನ್ನು ನೀರಿನಲ್ಲಿ ಜಾಲಿಸಿ ಹೊನ್ನಿನ ಕಣವನ್ನು ಬೇರ್ಪಡಿಸುವುದು ಕೊನೆಯ ಕೆಲಸ. ಧಾರವಾಡ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಬದುಕುತ್ತಿದ್ದ ಜಾಲಗಾರರು ಈ ವಿದ್ಯೆಯನ್ನು ಕಳೆದ ಶತಮಾನಗಳವರೆಗೂ ಉಳಿಸಿಕೊಂಡಿದ್ದರು. ಕನ್ನಡಿಗರ ಅಡಿಗೆಮನೆಯಲ್ಲಿ ಅಕ್ಕಿಬೇಳೆಗಳನ್ನು ಜಾಲಿಸುವಾಗ ಬಳಕೆಯಾಗುವ ಮಾತೇ ಅವರ ಕಸುಬಿನ ಮಾತೂ ಆಗಿರುವುದು ಗಮನಾರ್ಹವು.

ಹಳೆಯ ತೋಡುಗಳಲ್ಲಿ ದೊರೆತ ಮರದ ತುಂಡುಗಳನ್ನು ಇಂಗಾಲ ಪರೀಕ್ಷೆಗೆ ಒಳಪಡಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನವೆಂದು ತಿಳಿದುಬಂದಿತು. ಮೇಲಣ ಪದರಗಳನ್ನು ತೆಗೆಯದೆ ಆಳಕ್ಕಿಳಿಯುವುದು ಸಾಧ್ಯವಿಲ್ಲವಾದುದರಿಂದ, ಗಣಿಯ ಆರಂಭವು ಆ ಮರಗಳಿಗಿಂತ ಹಿಂದಿನದೆಂದು ಊಹಿಸುವುದು ಯುಕ್ತವೇ ಆಗಿದೆ.

ಇಲ್ಲಿಯೇ ಚಿನ್ನದ ಚರಿತ್ರೆಯೂ ಮೌರ್ಯರ ಚರಿತ್ರೆಯೂ ಸಂಧಿಸುವುವು. 1915ರ ಜನವರಿ ತಿಂಗಳಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯ ಬೆಟ್ಟದ ಬಂಡೆಯೊಂದರ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಅರಸಿದ್ದು ಹೊನ್ನು, ಸಿಕ್ಕಿದ್ದು ಶಾಸನ. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಸಂಪಾದಿಸಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ಅರಸನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಿಂದಲೇ ಕಾಣಿಸಿಕೊಂಡಿದ್ದನು. ಆತನೇ ಅಶೋಕನೆಂಬುದನ್ನು ಸಿಂಹಳದ ವಂಶಕಥೆಗಳ ಆಧಾರದಿಂದ ನಿರ್ಣಯಿಸಲಾಗಿತ್ತು. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ಕಂಡುಬಂದುದರಿಂದ ಸಂಶಯವು ಪರಿಹಾರವಾಯಿತು. ಬಳಿಕ ಗುಜರ್ರಾ, ನಿಟ್ಟೂರು, ಉದೆಗೊಳಗಳಲ್ಲಿಯೂ ಆ ಹೆಸರು ದೊರೆತಿದೆ.

ಬ್ರಹ್ಮಗಿರಿ ಸಿದ್ದಾಪುರಗಳ ಶಾಸನಗಳು ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆಯಿಂದ ಆರಂಭವಾಗುವುವು. ಈ ಸುವರ್ಣಗಿರಿಯು ಮಸ್ಕಿಯೆಂದು ಕೆಲವರೂ, ಅದರ ದಕ್ಷಿಣಕ್ಕಿರುವ ಕನಕಗಿರಿಯೆಂದು ಮತ್ತೆ ಕೆಲವರೂ, ಆಂಧ್ರದೇಶದ ಎರ್ರಗುಡಿಗೆ ಸಮೀಪದ ಜೊನ್ನಗಿರಿಯೆಂದು ಇನ್ನು ಕೆಲವರೂ ವಾದಿಸಿರುವರು. ಹೆಸರಿನ ಅರ್ಥವನ್ನು ಹಿಡಿದರೆ ಕನಕಗಿರಿಯ ಪಕ್ಷವು ಬಲವಾದುದು. ಮಧ್ಯಯುಗದ ಶಾಸನಗಳಲ್ಲಿ ಮಸ್ಕಿಗಿರುವ ಹೆಸರು ಮೊಸಂಗಿಯೆಂಬುದು, ಅದರಲ್ಲಿ ಹೊನ್ನಿನ ಸುಳಿವಿಲ್ಲ. ಆದರೆ ಶಾಸನವೂ ಪ್ರಾಚೀನ ನಿವೇಶನವೂ ಚಿನ್ನದ ತೋಡುಗಳೂ ಒಂದೇ ಆವರಣದಲ್ಲಿ ಕೂಡಿರುವುದು ಮಸ್ಕಿಯ ಪಕ್ಷದ ಹಿರಿಮೆ. 1954ರಲ್ಲಿ ಬಿ. ಕೆ. ಥಾಪರರು ನಡೆಸಿದ ಉತ್ಖನನದಿಂದ ಅಲ್ಲಿ ತಾಮ್ರಶಿಲಾಯುಗದಿಂದ ಮೊದಲ್ಗೊಂಡು ಜನವಸತಿಯಿದ್ದುದು ಸಿದ್ಧಪಟ್ಟಿತು. ಮೂರು ಪಕ್ಷಗಳಲ್ಲಿ ಯಾವುದು ನಿಂತರೂ ಒಂದು ಮಾತು ಸ್ಪಷ್ಟ: ಮೌರ್ಯರ ದಕ್ಷಿಣದ ಶಾಸನಗಳು ಹೊನ್ನಿನ ನೆಲದ ಆಸುಪಾಸಿನಲ್ಲಿಯೇ ಹೆಚ್ಚಾಗಿ ನಿಂತಿವೆ.

1947ರಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ಹೊಸ ಕಂಪನಿಯೊಂದು ಸ್ಥಾಪಿತವಾಗಿ ಹಟ್ಟಿಯ ಗಣಿಗೆ ಮರುಜೀವ ಬಂದಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯವನ್ನು ಸೇರಿದ ಬಳಿಕ ಅದು ಹಟ್ಟಿಯ ಹೆಸರನ್ನೇ ಧರಿಸಿತು. ದೇವದುರ್ಗ ಸೀಮೆಯ ಊಟಿಯಲ್ಲಿಯೂ ಚಿನ್ನದ ಅದುರನ್ನು ತೆಗೆಯಲಾಗಿದೆ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿಯೆಂಬ ಸ್ಥಾನವು ಹಟ್ಟಿಗೆ ಸಂದಿತು.

ಕೆನಡಾದ ಡಾಸನ್ ಪಟ್ಟಣದವರು 1896ರ ಆಗಸ್ಟಿನಲ್ಲಿ ಅಲ್ಲಿ ಚಿನ್ನ ದೊರೆತ ದಿನವನ್ನು ಪ್ರತಿ ಬೇಸಗೆಯಲ್ಲಿಯೂ ಉತ್ಸವವಾಗಿ ಆಚರಿಸುವರು. ಕಂಡುಹಿಡಿದವರ ಹೆಸರುಗಳು ಅವರಿಗೆ ಬಾಯಿಪಾಠ. ಹಟ್ಟಿಯ ಆಳಕ್ಕಿಳಿದವರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ. ಅರಸನ ಹೆಸರು ಬಂಡೆಯ ಮೇಲಿದೆ. ಅವರ ಬರಹವೆಂದರೆ ಇದ್ದಲು, ಮರದ ತುಂಡು, ಅರೆದ ಕುಳಿ. ಮಸ್ಕಿಯ ಶಾಸನದ ತಾತ್ಪರ್ಯವಾದರೂ ಪರಮಾರ್ಥವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಎಟುಕತಕ್ಕದ್ದೆಂಬುದೇ. ಆ ಬಂಡೆಯನ್ನು ಕಾಪಾಡುವಷ್ಟೇ ಶ್ರದ್ಧೆಯಿಂದ ಈ ಕುಳಿಗಳನ್ನೂ ಹಳೆಯ ತೋಡುಗಳನ್ನೂ ಗುರುತಿಸಿ ಕಾಪಾಡಿದಲ್ಲದೆ ಈ ಸೀಮೆಯ ಚರಿತ್ರೆಯು ಪೂರ್ಣವಾಗದು.