ಬಿಟ್ಟ ಬಾಡು, ಬಿಡಿಸಿದ ಬಾಡು | ಭಾಗ 4

ಸಫಾರಿ ಫೋಟೋ ಹಾಕೋ ಮುಂಚೆ ಇದನ್ನ ಓದಿ. ಬಂಡೀಪುರ ಒಂದು ಕಾಲಕ್ಕೆ ಮೈಸೂರು ಮಹಾರಾಜರ ಬೇಟೆಕಾಡು. ಅರಸರಿಗೆ ಬೇಟೆ ಮೋಜು, ಕಾಡಿನ ಸೋಲಿಗರು, ಜೇನುಕುರುಬರಿಗೆ ಅದೇ ಊಟ. 1972ರ ವನ್ಯಜೀವಿ ಕಾಯ್ದೆ, 1973ರ ಹುಲಿ ಯೋಜನೆ ಬಂದ್ಮೇಲೆ ಇಲ್ಲಿ ಬೇಟೆ ಅಪರಾಧವಾಯ್ತು. ಹುಲಿ ಉಳೀತು, ತಟ್ಟೆ ಬದಲಾಯ್ತು.

ಬಾಡಿಲ್ಲದ ದಿನ ಗುಂಡ್ಲುಪೇಟೆ ಕಡೆ ಮುದ್ದೆಗೆ ಹುರುಳಿ ಸಾರು, ಅವರೆಕಾಳು. ಮಳೆ ಬಿದ್ರೆ ಅಣಬೆ, ಅದಕ್ಕೂ ಬಾಡಿನ ಮಸಾಲೆನೇ!

ಪಕ್ಕದ ಮೈಸೂರಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಮುಕ್ಕಾಲು ಪಾಲು ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಾಲು ಪಾಲು ಕಡಲೆಹಿಟ್ಟು ಬೆರೆಸಿ ಪ್ರೋಟೀನ್ ಆಹಾರ ಮಾಡಿತ್ತು.

ನೀವೂ ಮಾಂಸ ಬಿಡ್ತೀರಾ? ಸೋಯಾ ಪ್ಯಾಕೆಟ್‌ಗಿಂತ ಮೊದಲು ಅಜ್ಜಿಯ ಹುರುಳಿ ಡಬ್ಬ ನೋಡಿ. ಒಂದು ಮಾತು ಮಾತ್ರ ನೆನಪಿರಲಿ: ನಮಗೆ ಇದು ಆಯ್ಕೆ. ಅವರನ್ನ ಯಾರೂ ಕೇಳಿರಲಿಲ್ಲ.

#ಬಂಡೀಪುರ #ಗುಂಡ್ಲುಪೇಟೆ #ನಮ್ಮೂಟದಚರಿತ್ರೆ