ದಿಂಬಿಗೊಂದು ನಂಬರ್, ದಿಂಬಿನ ಕವರ್‌ಗೆ ಇನ್ನೊಂದು: ಕಸ್ಟಮ್ಸ್ ಕಣ್ಣಲ್ಲಿ ಮನೆಯ ಬಟ್ಟೆ

ಕಾಲೇಜಲ್ಲಿ ಇಫ್-ಎಲ್ಸ್ ಕೋಡ್ ಬರೆದು ಸಾಕಾಗಿ ಪತ್ರಿಕೋದ್ಯಮಕ್ಕೆ ಬಂದವಳು ನಾನು. ಕಸ್ಟಮ್ಸ್ ಟ್ಯಾರಿಫ್ ಪುಸ್ತಕ ತೆರೆದ ದಿನ ಗೊತ್ತಾಯ್ತು, ಅದರಿಂದ ತಪ್ಪಿಸಿಕೊಂಡಿಲ್ಲ ಅಂತ. "ಆಮದು ಸುಂಕ ಏರಿಸಿ, ನೇಕಾರರನ್ನು ಉಳಿಸಿ" ಅಂತ ನಾವೆಲ್ಲ ಪೋಸ್ಟ್ ಹಾಕ್ತೀವಿ. ಆದರೆ ಯಾವ ಸಾಲಿನ ಮೇಲೆ ಏರಿಸಬೇಕು? ಸುಂಕ ಬೀಳೋದು "ಬೆಡ್‌ಶೀಟ್" ಅನ್ನೋ ಪದದ ಮೇಲಲ್ಲ, ಎಂಟು ಅಂಕಿಯ ಒಂದು ಸಂಖ್ಯೆಯ ಮೇಲೆ.

ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ. ವಿಶ್ವ ಕಸ್ಟಮ್ಸ್ ಸಂಘಟನೆಯ ಹಾರ್ಮೊನೈಸ್ಡ್ ಸಿಸ್ಟಮ್ ಅದು, 1988ರಿಂದ ಜಾರಿಯಲ್ಲಿದೆ. ಕೊನೆಯ ಎರಡು ಅಂಕಿ ಭಾರತ ಸೇರಿಸಿಕೊಂಡಿದ್ದು. ಪೂರ್ತಿ ಪಟ್ಟಿ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಸಿಗುತ್ತೆ.

ಮನೆಯ ಸಿದ್ಧ ಬಟ್ಟೆಗಳು ಹೆಚ್ಚಾಗಿ 63ನೇ ಅಧ್ಯಾಯದಲ್ಲಿವೆ. ಕಂಬಳಿ, ರಗ್ಗು 6301. ಬೆಡ್‌ಶೀಟ್, ಮೇಜುಬಟ್ಟೆ, ಟವೆಲ್ 6302. ಪರದೆ 6303. ಉಳಿದ ಅಲಂಕಾರದ ಬಟ್ಟೆಗಳಿಗೆ 6304. ಇಷ್ಟೇನಾ ಅಂದುಕೊಂಡರೆ ಕೆಟ್ಟಿರಿ. ತಲೆದಿಂಬಿನ ಕವರ್ ಹಾಸಿಗೆಬಟ್ಟೆ, ಅಂದರೆ 6302. ಸೋಫಾ ಮೇಲಿನ ಕುಶನ್‌ನ ಕವರ್ 6304. ಅದೇ ಕವರ್ ಒಳಗೆ ಹತ್ತಿನೋ ಫೈಬರೋ ತುಂಬಿ ಹೊಲಿದು ತಂದರೆ ಅದು ಜವಳಿಯೇ ಅಲ್ಲ. 94ನೇ ಅಧ್ಯಾಯಕ್ಕೆ, ಅಂದರೆ ಪೀಠೋಪಕರಣದ ಪಕ್ಕಕ್ಕೆ ಹೋಗಿ 9404 ಆಗುತ್ತೆ. ಇದು ಬರೀ ತಮಾಷೆಯಲ್ಲ. 2020ರ ಬಜೆಟ್ 9404ರ ಮೂಲ ಸುಂಕವನ್ನು 20%ನಿಂದ 25%ಕ್ಕೆ ಏರಿಸಿತು. ಕುಶನ್ ಮತ್ತು ಅದರ ಕವರ್ ಬೇರೆ ಬೇರೆ ರಾಜಕೀಯಕ್ಕೆ ಸಿಕ್ಕಿಕೊಳ್ಳೋದು ಹೀಗೆ.

ಪಾಲಿಯೆಸ್ಟರ್-ಹತ್ತಿ ಮಿಶ್ರ ಬೆಡ್‌ಶೀಟ್ ಆದರೆ? ತೂಕದಲ್ಲಿ ಯಾವ ನೂಲು ಹೆಚ್ಚೋ ಪೂರ್ತಿ ಅದರದ್ದೇ ಅಂತ ಲೆಕ್ಕ. 52% ಪಾಲಿಯೆಸ್ಟರ್ ಇದ್ದರೆ, ಪ್ಯಾಕೆಟ್ ಮೇಲೆ ಹತ್ತಿಯ ಹೂವಿನ ಚಿತ್ರ ಎಷ್ಟೇ ದೊಡ್ಡದಿರಲಿ, ಅದು ಕೃತಕ ನೂಲಿನ ಬೆಡ್‌ಶೀಟ್. ಹಾಗಾಗಿ ಜಗಳ ಕೊನೆಗೆ ಲ್ಯಾಬ್ ವರದಿಯ ಮೇಲೆ ನಿಲ್ಲುತ್ತೆ.

ನನಗೆ ತುಂಬಾ ಇಷ್ಟವಾದ ಟಿಪ್ಪಣಿ 57ನೇ ಅಧ್ಯಾಯದ್ದು. ನೆಲಹಾಸಿನ ಗುಣಲಕ್ಷಣ ಇರುವ ವಸ್ತುವನ್ನು ಬೇರೆ ಬಳಕೆಗೆ ಅಂತ ತಂದರೂ ಅದು ನೆಲಹಾಸೇ. ಕಾರ್ಪೆಟ್ಟನ್ನು ಗೋಡೆಗೆ ನೇತುಹಾಕ್ತೀನಿ ಅಂತ ಹೇಳಿ 6304ಕ್ಕೆ ಜಾರಿಸೋಕೆ ಆಗಲ್ಲ. ನವಲಗುಂದದ ಜಮಖಾನದ ಜೊತೆ ಪೈಪೋಟಿ ಮಾಡೋ ವಿದೇಶಿ ಮಾಲಿನ ಮೇಲೆ ಸುಂಕ ಕೇಳೋರು ನೋಡಬೇಕಾದದ್ದು ಈ ಅಧ್ಯಾಯವನ್ನ, 63ನ್ನಲ್ಲ.

ಎರಡು ಶೀರ್ಷಿಕೆಗೂ ಹೊಂದುವ ವಸ್ತುಗಳಿಗೆ ಆರು ವ್ಯಾಖ್ಯಾನ ನಿಯಮಗಳಿವೆ. ಮೂರನೆಯದರ ಪ್ರಕಾರ ಮೊದಲು ಹೆಚ್ಚು ನಿರ್ದಿಷ್ಟವಾದ ಶೀರ್ಷಿಕೆ ನೋಡಬೇಕು, ಆಮೇಲೆ ವಸ್ತುವಿನ ಮೂಲ ಸ್ವಭಾವ. ಎರಡೂ ತೀರ್ಮಾನ ಕೊಡದಿದ್ದರೆ, ಸಂಖ್ಯೆಯ ಕ್ರಮದಲ್ಲಿ ಕೊನೆಗೆ ಬರೋದು. ಹೌದು, ಕೊನೆಗೆ ಟೈ-ಬ್ರೇಕರ್ ಬರೀ ಸಂಖ್ಯೆ. ಕಂಪೈಲರ್ ಬರೆದವರಿಗೆ ಇದು ಪರಿಚಿತ.

ಇದನ್ನೆಲ್ಲ ಮೊದಲು ನಿರ್ಧರಿಸೋದು ಅಧಿಕಾರಿಯಲ್ಲ, ಆಮದುದಾರ. 2011ರಿಂದ ಸ್ವಯಂ-ನಿರ್ಧಾರಣೆ ಪದ್ಧತಿ ಇದೆ. ಬಿಲ್ ಆಫ್ ಎಂಟ್ರಿಯಲ್ಲಿ ನಂಬರ್ ಅವರೇ ಬರೀತಾರೆ. ಇಲಾಖೆ ಒಪ್ಪದಿದ್ದರೆ ಮಾಮೂಲಿ ಪ್ರಕರಣದಲ್ಲಿ 2 ವರ್ಷದೊಳಗೆ, ಮಾಹಿತಿ ಮುಚ್ಚಿಟ್ಟ ಆರೋಪವಿದ್ದರೆ 5 ವರ್ಷದೊಳಗೆ ನೋಟಿಸ್ ಕೊಡಬಹುದು. ಅಷ್ಟೊತ್ತಿಗೆ ಕುಶನ್ ಯಾರದ್ದೋ ಮನೆಯಲ್ಲಿ ಹರಿದೂ ಹೋಗಿರುತ್ತೆ. ದೊಡ್ಡ ಕಂಪನಿಗೆ ವಕೀಲರಿದ್ದಾರೆ. ಒಂದೇ ಕಂಟೇನರ್ ತರಿಸೋ ಚಿಕ್ಕ ವ್ಯಾಪಾರಿಗೆ ಇರೋದು ಕಸ್ಟಮ್ಸ್ ಬ್ರೋಕರ್ ಮೇಲಿನ ನಂಬಿಕೆ ಮಾತ್ರ. ಮುಂಚೆಯೇ ಕೇಳಿ ತಿಳಿದುಕೊಳ್ಳಲು ದೆಹಲಿ ಮತ್ತು ಮುಂಬೈಯಲ್ಲಿ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರಗಳಿವೆ. ಆದರೆ ಅದನ್ನೂ ಬಳಸೋಕೆ ಹಣ, ಸಮಯ, ಸಲಹೆಗಾರ ಬೇಕು.

ಇನ್ನೊಂದು ಮಾತು. ಸುಂಕ ಬದಲಾಗೋದು ಬಜೆಟ್ ದಿನ ಮಾತ್ರ ಅಲ್ಲ. ತುರ್ತು ಸಂದರ್ಭದಲ್ಲಿ ಟ್ಯಾರಿಫ್ ಕಾಯ್ದೆಯ ಸೆಕ್ಷನ್ 8ಎ ಅಡಿ ಅಧಿಸೂಚನೆಯಿಂದಲೇ ಏರಿಸಬಹುದು, ಸಂಸತ್ತಿನ ಒಪ್ಪಿಗೆ ಆಮೇಲೆ. ವಿನಾಯಿತಿಗಳು 1962ರ ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 25ರಲ್ಲಿ ಬರುತ್ತವೆ. 2018ರ ಆಗಸ್ಟ್‌ನಲ್ಲಿ 328 ಜವಳಿ ವಸ್ತುಗಳ ಸುಂಕ 10%ನಿಂದ 20%ಕ್ಕೆ ಏರಿದ್ದು ಇಂಥ ಒಂದು ಅಧಿಸೂಚನೆಯಿಂದ. ಮುಂದಿನ ಸಲ "ಜವಳಿ ಸುಂಕ ಏರಿಕೆ" ಅನ್ನೋ ಸುದ್ದಿ ಕಂಡರೆ ಆ ಪಿಡಿಎಫ್ ತೆರೆದು ನಂಬರ್‌ಗಳನ್ನು ಓದಿ. ನಿಮ್ಮೂರಿನ ಮಗ್ಗದ ಮಾಲಿಗೆ ಪೈಪೋಟಿ ಕೊಡೋ ಸಾಲು ಅದರಲ್ಲಿ ಇಲ್ಲದೆಯೂ ಇರಬಹುದು.