ರೇಡಿಯೋದೊಳಗಿನ ಕಪ್ಪು ಕಡ್ಡಿ

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಪ್ರಸಾರ ಆರಂಭಿಸಿತು. ಮುಂದೆ ಟ್ರಾನ್ಸಿಸ್ಟರ್ ಬಂದ ಮೇಲೆ ಆ ಧ್ವನಿ ನೇಸರಗಿ, ಬೈಲಹೊಂಗಲ ಸೀಮೆಯ ಹೊಲಗಳಿಗೂ ಮುಟ್ಟಿತು. ಓದುಗರೇ, ನಿಮ್ಮ ಮನೆಯ ಹಳೆಯ ಟ್ರಾನ್ಸಿಸ್ಟರನ್ನು ಬಿಚ್ಚಿ ನೋಡಿ. ತೆಳ್ಳಗಿನ ತಾಮ್ರದ ತಂತಿ ಸುತ್ತಿದ ಕಪ್ಪು ಕಡ್ಡಿಯೊಂದು ಕಾಣುತ್ತದೆ. ಆಯಸ್ಕಾಂತ ಅದನ್ನು ಸೆಳೆಯುತ್ತದೆ. ಕೆಳಗೆ ಬಿದ್ದರೆ ಮಾತ್ರ ಅದು ಮಡಕೆಯಂತೆ ಒಡೆಯುತ್ತದೆ. ಮಧ್ಯಮ ತರಂಗವನ್ನು ಹಿಡಿದುಕೊಡುವ ಈ ಕಡ್ಡಿಯೇ ಫೆರೈಟ್.

ಕಬ್ಬಿಣವನ್ನೇ ಏಕೆ ಬಳಸಲಿಲ್ಲ? ಕಬ್ಬಿಣದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ರೇಡಿಯೋ ಅಲೆಗಳ ವೇಗದ ಕಂಪನಕ್ಕೆ ಅದರೊಳಗೆ ಸುಳಿ ಪ್ರವಾಹಗಳೆದ್ದು ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಕಾಂತಗುಣವಿದ್ದೂ ವಿದ್ಯುತ್ತನ್ನು ತಡೆಯುವ ವಸ್ತು ಬೇಕಾಗಿತ್ತು. 1930ರಲ್ಲಿ ಟೋಕಿಯೋದ ಯೊಗೊರೊ ಕಾಟೊ ಮತ್ತು ತಾಕೇಶಿ ತಾಕೇಯಿ ಅದಕ್ಕೆ ದಾರಿ ತೆರೆದರು. ಅದನ್ನು ತಯಾರಿಸಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು. ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ನೂಕ್ ಈ ವಸ್ತುಗಳನ್ನು ಸುಧಾರಿಸಿದರು. ಇವುಗಳ ಕಾಂತಗುಣದ ಮರ್ಮವನ್ನು ಫ್ರಾನ್ಸಿನ ಲೂಯಿ ನೀಲ್ 1948ರಲ್ಲಿ ವಿವರಿಸಿದರು. 1970ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ತಯಾರಿಕೆಯ ಕ್ರಮ ನಮ್ಮ ಕುಂಬಾರರಿಗೆ ಅಪರಿಚಿತವೇನಲ್ಲ. ಕಬ್ಬಿಣ, ನಿಕಲ್, ಸತುವಿನ ಆಕ್ಸೈಡುಗಳನ್ನು ತೂಕಮಾಡಿ ನುಣ್ಣಗೆ ಅರೆಯುತ್ತಾರೆ. ಒಮ್ಮೆ ಸುಟ್ಟು, ಮತ್ತೆ ಅರೆದು, ಬಿಲ್ಲೆಗಳಾಗಿ ಒತ್ತಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಶಾಖ ಮೀರಿದರೆ ಸತು ಆವಿಯಾಗಿ ಹೋಗುತ್ತದೆ. ಕಡಿಮೆಯಾದರೆ ಬಿಲ್ಲೆ ಪೊಳ್ಳಾಗಿಯೇ ಉಳಿಯುತ್ತದೆ.

ಬಿಲ್ಲೆಯ ಎರಡೂ ಮುಖಕ್ಕೆ ಬೆಳ್ಳಿಲೇಪ ಬಳಿದು ವಿದ್ಯುತ್ ಹಾಯಿಸಿದಾಗ ಇನ್ನೊಂದು ಸೋಜಿಗ ಕಾಣುತ್ತದೆ. ಕಂಪನ ನಿಧಾನವಾಗಿದ್ದಾಗ ಅದು ಬಹಳ ವಿದ್ಯುದಂಶವನ್ನು ಕೂಡಿಟ್ಟುಕೊಳ್ಳುತ್ತದೆ. ಕಂಪನ ಹೆಚ್ಚಿದಂತೆ ಆ ಶಕ್ತಿ ಕುಗ್ಗುತ್ತದೆ. 1951ರಲ್ಲಿ ಕೂಪ್ಸ್ ಇದಕ್ಕೆ ಕಾರಣ ಹೇಳಿದರು. ಫೆರೈಟಿನ ಕಣಗಳು ವಿದ್ಯುತ್ತನ್ನು ತುಸು ಹರಿಯಬಿಡುತ್ತವೆ, ಕಣಗಳ ನಡುವಿನ ತೆಳುಗೋಡೆಗಳು ತಡೆಯುತ್ತವೆ. ಗೋಡೆಯ ಬಳಿ ಎಲೆಕ್ಟ್ರಾನುಗಳು ಜಮಾಯಿಸುತ್ತವೆ. ಕಂಪನದ ದಿಕ್ಕು ಬೇಗಬೇಗ ಬದಲಾದರೆ ಅವಕ್ಕೆ ಅಲ್ಲಿಗೆ ತಲುಪಲು ವೇಳೆಯೇ ಸಿಗದು. ಹೀಗೆ ಬಿಲ್ಲೆ ಹೇಗೆ ಬೆಂದಿದೆ ಎಂಬುದನ್ನು ಅದರ ವಿದ್ಯುತ್ ಗುಣವೇ ಹೇಳುತ್ತದೆ.

ಈ ಶೋಧನೆ ದೊಡ್ಡ ದೇಶಗಳ ಸೊತ್ತಾಗಿ ಉಳಿಯಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಫೆರೈಟುಗಳ ಅಧ್ಯಯನ ನಡೆದಿದೆ. 2010ರಲ್ಲಿ ಬೆಳಗಾವಿಯಲ್ಲಿಯೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮೊದಲ ಪಾಠಕ್ಕೆ ಬೇಕಾದುದು ಒಂದು ಒರಳು, ಒಂದು ಕುಲುಮೆ, ಒಂದು ಅಳತೆಯ ಯಂತ್ರ, ಜೊತೆಗೆ ಕುಂಬಾರನ ತಾಳ್ಮೆ. ನೇಸರಗಿಯ ಹುಡುಗ ಹುಡುಗಿಯರಿಗೆ ಇವು ದೂರದ ಮಾತಾಗಬಾರದು.